ಸೇವಾ ಪುಸ್ತಕದಲ್ಲಿಲ್ಲದ ಪುಟಗಳು



ಕಳೆದ ತಿಂಗಳು ಕೂಡ್ಲಿಗಿಯಲ್ಲಿ ನನ್ನ ಬಳಿ ಓದಿದ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಕುಶಲೋಪರಿಯೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದಳು: "ಸಾರ್, ಆರು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಮಕ್ಕಳಿಗೆ ನಾನೇ ಪಾಠ ಹೇಳಿದೆ. ಈಗ ಮತ್ತೆ ಕೆಲಸಕ್ಕೆ ಅರ್ಜಿ ಹಾಕ್ಬೇಕು. ನಡುವಿನ ವರ್ಷಗಳಿಗೆ ಏನಂತ ಬರೀಲಿ?"

ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವವರು ನಿಮ್ಮಲ್ಲಿ ಇನ್ನೂ ಕೆಲವರಿರಬಹುದು. ಇನ್ನೊಂದು ಕಾರಣವನ್ನೂ ಮುಚ್ಚಿಡಲಾರೆ. ಇದೇ ಪ್ರಶ್ನೆಯನ್ನು 2023ರಲ್ಲಿ ನನ್ನ ಸೊಸೆ ನನಗೆ ಕೇಳಿದ್ದಳು. ಆಗ ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

ನಾನು ನಿವೃತ್ತನಾದದ್ದು 2020ರ ಮೇ ತಿಂಗಳ ಕೊನೆಯಲ್ಲಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನೆಲ್ಲ ಸುತ್ತಿ ಕೊಟ್ಟೂರಿಗೆ ಬಂದು ಸೇರಿದ್ದ ನನಗೆ ಹಾರ ಹಾಕಿ ಬೀಳ್ಕೊಡಲು ಶಾಲೆಯಲ್ಲಿ ಮಕ್ಕಳೇ ಇರಲಿಲ್ಲ. ಕೊರೋನಾ ಕಾರಣದಿಂದ ಮಾರ್ಚ್ ತಿಂಗಳಲ್ಲೇ ಶಾಲೆಗಳು ಮುಚ್ಚಿದ್ದವು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಬೀಗ ಹಾಕಿದ ಶಾಲೆಯ ಕಡೆಗೊಮ್ಮೆ ನೋಡಿ ಮನೆಗೆ ಬಂದೆ. ಅಷ್ಟರಲ್ಲಿ ಬೆಂಗಳೂರಿನಿಂದ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಊರಿಗೆ ಬಂದಿದ್ದರು. ಹಿರಿಯವನಿಗೆ ಏಳು ವರ್ಷ, ಕಿರಿಯವಳಿಗೆ ನಾಲ್ಕು.

ಸೊಸೆಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸವಿತ್ತು. ಇತರರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ, ಅದು ಯಾವ ಸಂದರ್ಭದಲ್ಲಿ ಕೈಕೊಡುತ್ತದೆ ಎಂದು ಹುಡುಕಿ ದಾಖಲಿಸುವುದು ಅವಳ ಹೊಣೆ. ಇಬ್ಬರೂ ಮನೆಯಿಂದಲೇ ಕೆಲಸ ಮಾಡಲು ತೊಡಗಿದರು. ಮೊಮ್ಮಗನ ಪಾಠಗಳು ಮೊಬೈಲಿನಲ್ಲಿ ನಡೆಯುತ್ತಿದ್ದವು. ನಮ್ಮ ಓಣಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹುಡುಗ ಅಂಗಳದಲ್ಲಿ ಮೊಬೈಲು ಹಿಡಿದು ತಿರುಗುತ್ತಿದ್ದ. ಟೀಚರಿನ ಮುಖ ಅರ್ಧ ಕಾಣುತ್ತಿತ್ತು, ಮಾತು ಕಾಲು ಭಾಗ ಕೇಳುತ್ತಿತ್ತು. ಎರಡು ತಿಂಗಳು ನೋಡಿದ ಸೊಸೆ ಜುಲೈನಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮಕ್ಕಳಿಗೆ ತಾನೇ ಕಲಿಸಲು ನಿಂತಳು.

ನನಗೆ ಇದು ಒಳಗೊಳಗೇ ಹಿಡಿಸಲಿಲ್ಲ. ಊರ ಮಕ್ಕಳನ್ನೆಲ್ಲ ಶಾಲೆಗೆ ಕರೆತರಲು ಮನೆಮನೆ ತಿರುಗಿದ ಮೇಷ್ಟ್ರ ಮೊಮ್ಮಕ್ಕಳೇ ಶಾಲೆಯ ದಾಖಲೆಯಲ್ಲಿ ಇಲ್ಲವೆಂದರೆ ಜನ ಏನೆಂದಾರು ಎಂಬ ಅಳುಕು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದದ್ದು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆ ಸಿಗಲೇಬೇಕೆಂಬ ಅದರ ಆಶಯ, ಇದನ್ನೆಲ್ಲ ನಾನೇ ಪೋಷಕರ ಸಭೆಗಳಲ್ಲಿ ವಿವರಿಸಿದವನು. ಸೊಸೆ ಅದೇ ಕಾಯ್ದೆಯ ನಾಲ್ಕನೆಯ ಪ್ರಕರಣವನ್ನು ನನಗೆ ತೋರಿಸಿದಳು. ಶಾಲೆಯಿಂದ ಹೊರಗುಳಿದ ಮಗುವನ್ನು ಮತ್ತೆ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದರಲ್ಲಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುಕ್ತ ಮೂಲ ಶಿಕ್ಷಣದ ಅ, ಆ, ಇ ಹಂತಗಳು ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮವೆಂಬುದನ್ನೂ ಅವಳೇ ತಿಳಿದುಕೊಂಡಿದ್ದಳು. ಬಿ.ಎಡ್. ಮಾಡಿದವನು ನಾನಾದರೂ ಈ ವಿಷಯದಲ್ಲಿ ಮನೆಗೆಲಸ ಮಾಡಿಕೊಂಡು ಬಂದವಳು ಅವಳು.

ಆ ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಆರಂಭಿಸಿದ್ದು ನಿಮಗೆ ನೆನಪಿರಬಹುದು. ಶಿಕ್ಷಕರೇ ಓಣಿಗಳಿಗೆ ಬಂದು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನಿಂತ ಕೆಲವೇ ದಿನಗಳಲ್ಲಿ ಪಕ್ಕದ ಮನೆಯ ಇಬ್ಬರು ಹುಡುಗಿಯರು ಪಾಟಿ ಹಿಡಿದು ನಮ್ಮ ಜಗಲಿಗೆ ಬಂದರು. "ಅಕ್ಕಾ, ನಮಗೂ ಹೇಳಿಕೊಡ್ರಿ" ಎಂದರು. ನವೆಂಬರ್ ಮುಗಿಯುವ ಹೊತ್ತಿಗೆ ಹದಿನಾಲ್ಕು ಮಕ್ಕಳಾದರು. ಎರಡು ಗುಂಪು ಮಾಡಿ, ದೂರ ದೂರ ಕೂರಿಸಿ, ಮುಖಗವಸು ಹಾಕಿಸಿ, ವಾರಕ್ಕೆ ಆರು ದಿನ ಎರಡೆರಡು ಗಂಟೆ ಓದು ಮತ್ತು ಲೆಕ್ಕ ಕಲಿಸಿದಳು. 2021ರ ಏಪ್ರಿಲ್ ಕೊನೆಯಿಂದ ಎರಡನೆಯ ಅಲೆಯ ದಿನಗಳಲ್ಲಿ ನಿಲ್ಲಿಸಿ, ಜುಲೈನಲ್ಲಿ ಮತ್ತೆ ತೊಡಗಿದಳು. ಒಂದರಿಂದ ಐದನೆಯ ತರಗತಿಗಳು 2021ರ ಅಕ್ಟೋಬರ್ 25ರಂದು ತೆರೆದವು. ಆ ದಿನ ಬೆಳಿಗ್ಗೆ ನಮ್ಮ ಜಗಲಿ ಖಾಲಿಯಾಯಿತು. ನಮ್ಮ ಮನೆಯ ಇಬ್ಬರಿಗೆ ಮಾತ್ರ 2023ರ ಜೂನ್ ತನಕ ಅವಳೇ ಕಲಿಸಿದಳು; ನಂತರ ಇಬ್ಬರೂ ಶಾಲೆ ಸೇರಿದರು, ವಯಸ್ಸಿಗೆ ತಕ್ಕ ತರಗತಿಗೇ.

ಮಕ್ಕಳು ಶಾಲೆಗೆ ಹೋದ ಮೇಲೆ ಸೊಸೆ ಮತ್ತೆ ಕೆಲಸ ಹುಡುಕಲು ಕುಳಿತಳು. ಒಂದು ಸಂಜೆ ಲ್ಯಾಪ್‌ಟಾಪ್ ತೆರೆದುಕೊಂಡು ನನ್ನ ಬಳಿ ಬಂದಳು. ಲಿಂಕ್ಡ್‌ಇನ್ ಎಂಬ ತಾಣದಲ್ಲಿ ಅವಳ ವೃತ್ತಿ ಪರಿಚಯವಿತ್ತು. ಗೊತ್ತಿಲ್ಲದ ಹಿರಿಯರಿಗಾಗಿ ಹೇಳುತ್ತೇನೆ: 2003ರಲ್ಲಿ ಆರಂಭವಾದ ಈ ತಾಣದಲ್ಲಿ ಉದ್ಯೋಗಸ್ಥರು ತಮ್ಮ ವಿದ್ಯೆ, ಅನುಭವಗಳನ್ನು ಬರೆದಿಡುತ್ತಾರೆ, ಕೆಲಸ ಕೊಡುವವರು ಅದನ್ನು ನೋಡಿ ಕರೆಯುತ್ತಾರೆ.

"ಮಾವ, 2020ಕ್ಕೆ ನನ್ನ ಅನುಭವ ನಿಂತುಬಿಟ್ಟಿದೆ ನೋಡ್ರಿ. ಆಮೇಲಿನದಕ್ಕೆ ಏನು ಬರೀಲಿ?"

ನಾನು ಪತ್ರಿಕೆಯಿಂದ ತಲೆಯನ್ನೂ ಎತ್ತದೆ ಹೇಳಿದೆ: "ಮನೆಯಲ್ಲಿದ್ದೆ ಅಂತ ಬರಿಯವ್ವಾ. ಮನೆಪಾಠ ಹೇಳಿದ್ದನ್ನೆಲ್ಲ ಅನುಭವ ಅಂತ ಯಾರು ಒಪ್ತಾರೆ?"

ಅವಳು ಏನೂ ಮಾತನಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಆ ಸಂಜೆ ಸ್ವಲ್ಪ ಜೋರಾಗಿಯೇ ಕೇಳಿತು. ನನ್ನ ಮಡದಿ ಬಂದು, "ಮೂರು ವರ್ಷ ನೀವೂ ಅದೇ ಜಗಲಿ ಮ್ಯಾಲೆ ಕುಂತು ನೋಡೀರಿ. ಅದು ಕೆಲಸ ಅಲ್ಲದಿದ್ರ ನೀವು ಮೂವತ್ನಾಲ್ಕು ವರ್ಷ ಮಾಡಿದ್ದು ಏನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಹಡಗಲಿಯ ದಿನಗಳು ನೆನಪಾದವು. ಜೂನ್ ತಿಂಗಳಲ್ಲಿ ಪ್ರವೇಶ ಅರ್ಜಿಗಳನ್ನು ತುಂಬುವ ಕೆಲಸ ನನ್ನದಿರುತ್ತಿತ್ತು. 'ತಂದೆ ಅಥವಾ ಪೋಷಕರ ಉದ್ಯೋಗ' ಎಂದು ಒಂದೇ ಅಂಕಣ. ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದಿದ್ದಳು. ತಂದೆಯ ಹೆಸರಿನ ಮುಂದೆ 'ಕೂಲಿ' ಎಂದು ಬರೆದೆ. ಆಕೆ ನಗುತ್ತಲೇ ಹೇಳಿದಳು: "ಸಾರ್, ನಸುಕಿನಾಗ ಎದ್ದು ಮಲ್ಲಿಗಿ ಮೊಗ್ಗು ಬಿಡಿಸಾಕಿ ನಾನು. ಅದನ್ನೂ ಬರಕೊಳ್ರಿ." ನಾನೂ ನಕ್ಕೆ. "ಅದಕ್ಕೆ ಇಲ್ಲಿ ಜಾಗ ಇಲ್ಲವ್ವಾ" ಎಂದು ಮುಂದಿನ ಅರ್ಜಿ ಎತ್ತಿಕೊಂಡೆ. ಹಡಗಲಿಯ ಹೆಸರಿನೊಂದಿಗೇ 'ಹೂವಿನ' ಎಂಬ ಮಾತು ಸೇರಿಕೊಂಡಿದೆ. ಆ ಹೂವು ಬಿಡಿಸಿದ ಕೈಗಳಿಗೆ ನನ್ನ ಅರ್ಜಿಯಲ್ಲಿ ಜಾಗವಿರಲಿಲ್ಲ.

ಇದು ನನ್ನೊಬ್ಬನ ದೋಷವಲ್ಲವೆಂದು ಸಮಾಧಾನ ಪಟ್ಟುಕೊಳ್ಳಬಹುದು. ನಮ್ಮ ಜನಗಣತಿಯಲ್ಲಿಯೂ ಮನೆಯ ಕೆಲಸ ಮಾತ್ರ ಮಾಡುವವರು 'ಕೆಲಸ ಮಾಡದವರ' ಲೆಕ್ಕಕ್ಕೇ ಸೇರುತ್ತಾರೆ. ಆದರೆ ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಅದನ್ನು ಮಾಡುವ ಪುರುಷರು 97 ನಿಮಿಷ. ಸುಮಾರು ಐದು ಗಂಟೆಗಳ ದುಡಿಮೆ ಕೆಲಸವಲ್ಲವೆಂದರೆ, ದೋಷವಿರುವುದು ನಮ್ಮ ಅಂಕಣಗಳಲ್ಲಿ.

ಆಗ ನನ್ನದೇ ಸೇವಾ ಪುಸ್ತಕ ನೆನಪಾಯಿತು. ಸರ್ಕಾರಿ ನೌಕರರಿಗೆ ಅದೇ ಜಾತಕ. ಬಡ್ತಿ, ವಾರ್ಷಿಕ ವೇತನ ಬಡ್ತಿ, ವರ್ಗಾವಣೆ, ಗಳಿಕೆ ರಜೆ ಎಲ್ಲವೂ ಅದರಲ್ಲಿವೆ. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾದ ನಂತರ, ತೊಂಬತ್ತರ ದಶಕದಲ್ಲಿ, ನಾನು ಹಡಗಲಿ ಬಳಿಯ ಒಂದು ಹಳ್ಳಿಯಲ್ಲಿ ಲಾಟೀನು ಹಚ್ಚಿ ವಯಸ್ಕರಿಗೆ ಆರು ತಿಂಗಳು ರಾತ್ರಿ ಪಾಠ ಹೇಳಿದ್ದೆ. ಐವತ್ತು ದಾಟಿದ ಒಬ್ಬರು ತಮ್ಮ ಹೆಸರನ್ನು ಮೊದಲ ಬಾರಿಗೆ ಬರೆದು, ಬೆರಳಿನ ಶಾಯಿಯ ಗುರುತು ಒರೆಸುವವರಂತೆ ಹೆಬ್ಬೆರಳನ್ನು ಪಂಚೆಗೆ ಉಜ್ಜಿಕೊಂಡಿದ್ದರು. ನನ್ನ ಇಡೀ ಸೇವೆಯಲ್ಲಿ ಅಂತಹ ಗಳಿಗೆಗಳು ಹೆಚ್ಚಿಲ್ಲ. ಸೇವಾ ಪುಸ್ತಕದಲ್ಲಿ ಅದರ ಒಂದು ಸಾಲೂ ಇಲ್ಲ. ಅದೇ ವರ್ಷ ಜ್ವರಕ್ಕೆ ಹಾಕಿದ ನಾಲ್ಕು ದಿನದ ರಜೆ ಮಾತ್ರ ಸ್ಪಷ್ಟವಾಗಿ ದಾಖಲಾಗಿದೆ.

ಬೆಳಿಗ್ಗೆ ಚಹಾ ತಂದ ಸೊಸೆಗೆ, "ನಿನ್ನೆ ತಪ್ಪು ಹೇಳಿದೆನವ್ವಾ. ಲ್ಯಾಪ್‌ಟಾಪ್ ತಾ, ಕುಳಿತು ಬರೆಯೋಣ" ಎಂದೆ.

ನೋಡಿದರೆ ಆ ತಾಣಕ್ಕೆ ನನ್ನ ಪ್ರವೇಶ ಅರ್ಜಿಗಿಂತ ಹೆಚ್ಚು ಬುದ್ಧಿಯಿತ್ತು. ಸ್ವಯಂಸೇವೆಯನ್ನು ಬರೆಯಲು 2011ರಿಂದಲೇ ಅದರಲ್ಲಿ ಬೇರೆ ವಿಭಾಗವಿದೆ. 2022ರಲ್ಲಿ 'ವೃತ್ತಿ ವಿರಾಮ' ಎಂಬುದನ್ನೂ ಸೇರಿಸಿದ್ದಾರೆ. ಮಕ್ಕಳ ಪಾಲನೆ, ಮನೆಯವರ ಆರೈಕೆ, ಆರೋಗ್ಯ, ಸ್ವಯಂಸೇವೆ ಮೊದಲಾದ ಕಾರಣಗಳಲ್ಲಿ ಒಂದನ್ನು ಆರಿಸಿ, ಆ ಕಾಲದಲ್ಲಿ ಏನು ಮಾಡಿದೆವೆಂದು ವಿವರಿಸಬಹುದು. 'ಸೇವೆಯಲ್ಲಿ ವಿರಾಮ' ಎಂದರೆ ನಮ್ಮ ಕಾಲದ ನೌಕರರಿಗೆ ಎದೆ ನಡುಗುತ್ತಿತ್ತು. ಇಲ್ಲಿ ಅದಕ್ಕೊಂದು ಗೌರವದ ಜಾಗವಿತ್ತು.

ಜಾಗವೇನೋ ಸಿಕ್ಕಿತು, ಏನು ಬರೆಯುವುದು? ಬೆಂಗಳೂರಿನಿಂದ ಮಗ ದೂರವಾಣಿಯಲ್ಲಿ ಉತ್ಸಾಹದಿಂದ ಸಲಹೆ ಕೊಟ್ಟ: "ಕಲಿಕಾ ಕೇಂದ್ರದ ಸಂಸ್ಥಾಪಕಿ ಅಂತ ಹಾಕಿಬಿಡು. ಈಗ ಎಲ್ಲರೂ ಹಂಗೇ ಬರೀತಾರೆ." ಸೊಸೆ ನನ್ನ ಮುಖ ನೋಡಿದಳು. ನಮ್ಮ ಜಗಲಿಗೆ ಬೋರ್ಡು ಇರಲಿಲ್ಲ, ನೋಂದಣಿ ಇರಲಿಲ್ಲ. ಇದ್ದದ್ದು ಎರಡು ಚಾಪೆ, ಒಂದು ಕಪ್ಪುಹಲಗೆ. ಇದ್ದದ್ದನ್ನು ಮುಚ್ಚಿಡುವುದು ಎಷ್ಟು ತಪ್ಪೋ ಇಲ್ಲದ್ದನ್ನು ಹೊದಿಸುವುದೂ ಅಷ್ಟೇ ತಪ್ಪು. ಮೊದಲನೆಯ ತಪ್ಪು ನನ್ನದಾಗಿತ್ತು, ಎರಡನೆಯದು ಮಗನದಾಗುವುದರಲ್ಲಿತ್ತು.

ಬಿ.ಎಡ್. ತರಬೇತಿಯಲ್ಲಿ ನಾವು ಪಾಠಯೋಜನೆ ಬರೆಯುತ್ತಿದ್ದೆವು. ಏನು ಕಲಿಸಬೇಕು, ಯಾರಿಗೆ, ಹೇಗೆ ಕಲಿಸಿದೆ, ಕಲಿತರೆಂದು ಹೇಗೆ ತಿಳಿಯಿತು, ಇಷ್ಟೇ ಅದರ ಸಾರ. ಅದೇ ನಾಲ್ಕು ಅಂಕಣಗಳನ್ನು ಹಾಳೆಯ ಮೇಲೆ ಗೆರೆ ಎಳೆದು ಕೊಟ್ಟೆ. ಅವಳು ಒಳಗೆ ಹೋಗಿ ಇನ್ನೂರು ಪುಟದ ಒಂದು ನೋಟುಪುಸ್ತಕ ತಂದಳು. ಅದನ್ನು ನಾನು ಅಲ್ಲಿಯ ತನಕ ಬಿಡಿಸಿ ನೋಡಿರಲಿಲ್ಲ.

ಪ್ರತಿ ಮಗುವಿಗೂ ಕೆಲವು ಪುಟಗಳು. ದಿನಾಂಕ, ಓದಿದ ಪುಟ, ಎಲ್ಲಿ ತಡವರಿಸಿತು, ಲೆಕ್ಕದಲ್ಲಿ ಯಾವ ಬಗೆಯ ತಪ್ಪು. 'ಒತ್ತಕ್ಷರ ಬಿಟ್ಟು ಓದುತ್ತಾನೆ.' 'ಚಿಕ್ಕ ಅಂಕಿಯಿಂದ ದೊಡ್ಡದನ್ನು ಕಳೆಯಲು ಬಾರದೆ, ದೊಡ್ಡದರಿಂದ ಚಿಕ್ಕದನ್ನೇ ಕಳೆಯುತ್ತಾಳೆ.' ಹೀಗೆ. ಮೂವತ್ತನಾಲ್ಕು ವರ್ಷ ನಾನು ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ತಪ್ಪು ಗುರುತು ಹಾಕಿದವನು. ಒಂದೊಂದು ತಪ್ಪಿನ ಜಾತಿಯನ್ನು ಹೀಗೆ ಬರೆದಿಟ್ಟಿರಲಿಲ್ಲ. ಹಾಗೆಂದಾಗ ಅವಳು ನಕ್ಕು, "ತಪ್ಪು ಎಲ್ಲಿ ಹುಟ್ಟುತ್ತೆ ಅಂತ ಹುಡುಕೋದೇ ಅಲ್ಲವಾ ಮಾವ ನನ್ನ ಕೆಲಸ? ಕಂಪನಿಯಲ್ಲೂ ಹಿಂಗೇ ಬರೀತಿದ್ದೆ" ಎಂದಳು. ಅವಳು ಕೆಲಸ ಬಿಟ್ಟಿರಲೇ ಇಲ್ಲವೆಂದು ನನಗೆ ಆಗ ಹೊಳೆಯಿತು.

ನೋಟುಪುಸ್ತಕದ ಪ್ರಕಾರ ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಮೂರನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಿ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಬಲ್ಲವರಾಗಿದ್ದರು. ಮೂವರು ಇನ್ನೂ ತಡವರಿಸುತ್ತಿದ್ದರು. ಇಬ್ಬರು ನಡುವೆಯೇ ಬಿಟ್ಟುಹೋಗಿದ್ದರು. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಗುಳೆ ಹೋಗುವುದು ನಿಮಗೆ ಹೊಸದಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯವರು ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೋಗುತ್ತಾರೆ. ಅಜ್ಜಿಯೊಂದಿಗೆ ಉಳಿದಿದ್ದ ಆ ಇಬ್ಬರು ಅಣ್ಣತಮ್ಮಂದಿರನ್ನು 2021ರ ಫೆಬ್ರವರಿಯಲ್ಲಿ ತಂದೆತಾಯಿ ಬಂದು ಕರೆದೊಯ್ದರು. ದೊಡ್ಡವನ ಕೊನೆಯ ಪುಟದಲ್ಲಿ 'ಕಳೆಯುವ ಲೆಕ್ಕ, ದಶಕ ತೆಗೆದುಕೊಳ್ಳುವುದು: ನಾಳೆ' ಎಂದಿತ್ತು. ಆ ನಾಳೆ ಬರಲಿಲ್ಲ. ಅದರ ಕೆಳಗಿನ ಪುಟವೆಲ್ಲ ಖಾಲಿ.

"ಹದಿನಾಲ್ಕು ಮಕ್ಕಳಿಗೆ ಕಲಿಸಿದೆ ಅಂತಷ್ಟೇ ಬರೆದರೆ ಸಾಕಲ್ಲ, ಎಷ್ಟು ಜನ ಕಲಿತರು ಅಂತ ಯಾರು ಕೇಳ್ತಾರೆ?" ಎಂದ ಮಗ. ಸೊಸೆ ಒಪ್ಪಲಿಲ್ಲ. "ಆ ಇಬ್ಬರನ್ನ ಕಲಿತವರ ಲೆಕ್ಕಕ್ಕೆ ಸೇರಿಸಿದರೆ ಸುಳ್ಳಾಗುತ್ತೆ. ಬಿಟ್ಟೇಬಿಟ್ಟರೆ ಅವರು ಬಂದೇ ಇರಲಿಲ್ಲ ಅಂದ ಹಂಗಾಗುತ್ತೆ" ಎಂದಳು. ಮೂರೂ ಸಂಖ್ಯೆಗಳನ್ನು ಇದ್ದಂತೆಯೇ ಬರೆಯುವುದೆಂದು ತೀರ್ಮಾನವಾಯಿತು.

ಕೊನೆಗೆ ಬರೆದದ್ದು ಹೀಗೆ. ವೃತ್ತಿ ವಿರಾಮದಡಿ: 2020ರ ಜುಲೈಯಿಂದ 2023ರ ಜೂನ್ ತನಕ ತನ್ನ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪೂರ್ಣಾವಧಿ ಶಿಕ್ಷಣ, ವಾರದ ಪಾಠಯೋಜನೆ, ತಿಂಗಳಿಗೊಮ್ಮೆ ಪರೀಕ್ಷೆ, ಇಬ್ಬರೂ ವಯಸ್ಸಿಗೆ ತಕ್ಕ ತರಗತಿಗೆ ಸೇರ್ಪಡೆ. ಸ್ವಯಂಸೇವೆಯಡಿ: ಕೊಟ್ಟೂರಿನಲ್ಲಿ ಶಾಲೆಗಳು ಮುಚ್ಚಿದ್ದ ಅವಧಿಯಲ್ಲಿ ಹದಿನಾಲ್ಕು ಮಕ್ಕಳಿಗೆ ಓದು ಮತ್ತು ಗಣಿತ, ನಡುವೆ ಎರಡು ತಿಂಗಳ ಬಿಡುವು, ಮಗುವಾರು ತಪ್ಪುಗಳ ದಾಖಲೆ, ಒಂಬತ್ತು, ಮೂರು, ಎರಡು ಎಂಬ ಫಲಿತಾಂಶ. ಇನ್ನೊಂದನ್ನು ನಾನು ನೆನಪಿಸಿದೆ. 2023ರ ಕೊಟ್ಟೂರೇಶ್ವರ ಜಾತ್ರೆಗೆ ಪಾದಯಾತ್ರೆಯಲ್ಲಿ ಬಂದವರಿಗೆ ನಮ್ಮ ಓಣಿಯವರು ಮಾಡಿದ ದಾಸೋಹದ ಅಕ್ಕಿ, ಬೇಳೆ, ದೇಣಿಗೆಗಳ ಲೆಕ್ಕವನ್ನು ಪೂರ್ತಿ ಇಟ್ಟವಳು ಅವಳೇ. "ಅದು ದೇವರ ಸೇವೆ ಮಾವ, ಅದನ್ನ ಬರೀತಾರಾ?" ಎಂದಳು. ಭಕ್ತಿಯನ್ನು ಬರೆಯುವುದು ಬೇಡ, ಲೆಕ್ಕವನ್ನು ಬರೆ ಎಂದೆ.

ಮಕ್ಕಳ ಹೆಸರು, ಭಾವಚಿತ್ರ ಎಲ್ಲಿಯೂ ಹಾಕಲಿಲ್ಲ. ನಮ್ಮ ಅರ್ಜಿಗೆ ಅವರ ಬಡತನ ಶೋಭೆಯಾಗಬಾರದು. 'ಶಿಕ್ಷಕಿ' ಎಂಬ ಪದವನ್ನೂ ಹಾಕಲಿಲ್ಲ. ಅದು ತರಬೇತಿ ಪಡೆದು ನೇಮಕಗೊಂಡವರ ಹುದ್ದೆಯ ಹೆಸರು. 'ಕಲಿಸಿದೆ' ಎಂಬ ಕ್ರಿಯಾಪದ ಸಾಕಾಯಿತು. ಅವಳ ಬಗ್ಗೆ ನಾಲ್ಕು ಮಾತು ಬರೆದುಕೊಡಲು ನನ್ನನ್ನು ಕೇಳಿದಾಗ ಒಲ್ಲೆನೆಂದೆ. ಮಾವ ಸೊಸೆಗೆ ಕೊಡುವ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಸೇವೆಯಲ್ಲಿದ್ದಾಗ 'ಇವರ ನಡತೆ ಉತ್ತಮವಾಗಿದೆ' ಎಂದು ನೂರಾರು ಪ್ರಮಾಣಪತ್ರಗಳಿಗೆ ಸಹಿ ಹಾಕಿದ್ದೇನೆ; ಅದನ್ನು ಓದಿ ಯಾರನ್ನೂ ಗುರುತಿಸಲಾಗದು. ಆ ಮಕ್ಕಳು ಮರಳಿ ಹೋದ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯನ್ನು ಕೇಳಿದೆವು. ಅವರು, ಶಾಲೆ ತೆರೆದ ದಿನ ಈ ಮಕ್ಕಳು ಎಲ್ಲಿಂದ ಓದಲು ಮುಂದುವರಿಸಿದರು ಎಂಬುದನ್ನಷ್ಟೇ ನಾಲ್ಕು ಸಾಲುಗಳಲ್ಲಿ ಬರೆದುಕೊಟ್ಟರು.

ಊರಿನ ಹೆಸರು ತುಂಬುವಾಗ ಮಾತ್ರ ಮನೆಯವರೆಲ್ಲ ನಕ್ಕೆವು. ಸೊಸೆಯ ತವರು ಹರಪನಹಳ್ಳಿ. ಅವಳು ಹುಟ್ಟಿದಾಗ ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಸೇರಿದ್ದರಿಂದ ಎಸ್‌.ಎಸ್‌.ಎಲ್‌.ಸಿ. ಮುಗಿಸಿದ್ದು ದಾವಣಗೆರೆ ಜಿಲ್ಲೆಯಲ್ಲಿ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ನಮ್ಮ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕಾಗಿದೆ. ಊರು ಕದಲಲಿಲ್ಲ, ಕಾಗದ ಕದಲಿತು. ದಾಖಲೆಗಳ ಹಣೆಬರಹವೇ ಇಷ್ಟು ಎಂದುಕೊಂಡೆವು.

ಮುಂದೇನಾಯಿತೆಂದು ಕೇಳುವಿರಿ. ಮೊದಲ ಎರಡು ಕಂಪನಿಗಳಿಂದ ಉತ್ತರವೇ ಬರಲಿಲ್ಲ. ಮೂರನೆಯವರು ಸಂದರ್ಶನಕ್ಕೆ ಕರೆದರು. ಅಲ್ಲಿದ್ದ ಹಿರಿಯರೊಬ್ಬರು, ಎಲ್ಲರೂ ಯಶಸ್ಸನ್ನೇ ಬರೆಯುವಾಗ ಇಬ್ಬರು ಬಿಟ್ಟುಹೋದರೆಂದು ಏಕೆ ಬರೆದಿರಿ ಎಂದು ಕೇಳಿದರಂತೆ. "ಪರೀಕ್ಷಿಸುವವರು ಕೈಕೊಟ್ಟದ್ದನ್ನೂ ಬರೀಬೇಕು ಸರ್" ಎಂದಳಂತೆ ಇವಳು. ಕೆಲಸ ಸಿಕ್ಕಿತು. ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ, ಸ್ವಲ್ಪ ಕಡಿಮೆ ಸಂಬಳ. ಮೂರು ವರ್ಷಗಳಿಗೆ ಜಗತ್ತು ಪೂರ್ತಿ ಬೆಲೆ ಕೊಟ್ಟಿತೆಂದು ಹೇಳಲಾರೆ. ಆದರೆ ಆ ವರ್ಷಗಳು ಖಾಲಿಯಲ್ಲವೆಂಬುದು ಬರಹದಲ್ಲಿ ನಿಂತಿತು.

ಕೂಡ್ಲಿಗಿಯ ವಿದ್ಯಾರ್ಥಿನಿಗೂ ನಾನು ಹೇಳಿದ್ದು ಇಷ್ಟೇ. ಏನು ಮಾಡಿದೆ, ಯಾರಿಗೆ, ಎಷ್ಟು ಕಾಲ, ಏನಾಯಿತು, ಅದನ್ನು ಬರಿ. ದೊಡ್ಡ ಹೆಸರು ಬೇಡ, ನಾಚಿಕೆಯೂ ಬೇಡ. ಇಂದಿನಿಂದಲೇ ಒಂದು ನೋಟುಪುಸ್ತಕ ಇಡು. ಸಂಬಳವಿಲ್ಲದ ಕೆಲಸಕ್ಕೆ ಹಾಜರಿ ಪುಸ್ತಕ ಇರುವುದಿಲ್ಲ. ಅದನ್ನು ನಾವೇ ಇಟ್ಟುಕೊಳ್ಳಬೇಕು.

ಹಡಗಲಿಯ ಆ ತಾಯಿಯ ಮಗಳು ಈಗ ಎಲ್ಲಿದ್ದಾಳೋ ತಿಳಿಯದು. ಅವಳ ಕಣ್ಣಿಗೆ ಇದು ಬಿದ್ದರೆ ಒಂದು ಮಾತು ಹೇಳಬೇಕಾಗಿದೆ: ಮಗಳೇ, ನಿನ್ನ ಪ್ರವೇಶ ಅರ್ಜಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ನಿನ್ನ ತಾಯಿ ನಸುಕಿನಲ್ಲಿ ಎದ್ದು ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದಳು. ಅದು ಅವಳ ಉದ್ಯೋಗವಾಗಿತ್ತು. ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ.